ಅರಬ್ ಜನಪದ ಕಥೆಯನ್ನು ಬಿಚ್ಚಿ ಓದುವುದು ಹೇಗೆ?

ಒಬ್ಬ ಮುದಿ ಮೀನುಗಾರ. ದಿನಕ್ಕೆ ನಾಲ್ಕೇ ಸಲ ಬಲೆ ಬೀಸುತ್ತಾನೆ, ಅದು ಅವನ ನೇಮ. ಒಂದು ದಿನ ಮೊದಲ ಸಲ ಬಲೆಗೆ ಸತ್ತ ಕತ್ತೆ ಬೀಳುತ್ತದೆ. ಎರಡನೇ ಸಲ ಕೆಸರು ತುಂಬಿದ ದೊಡ್ಡ ಮಡಕೆ. ಮೂರನೇ ಸಲ ಒಡೆದ ಬೋಕಿ, ಗಾಜಿನ ಚೂರು. ನಾಲ್ಕನೇ ಸಲ ಒಂದು ಹಿತ್ತಾಳೆಯ ಹೂಜಿ ಬರುತ್ತದೆ. ಅದರ ಬಾಯಿಗೆ ಸೀಸದ ಬೆಸುಗೆ, ಮೇಲೆ ಸುಲೈಮಾನ್ ದೊರೆಯ ಮುದ್ರೆ. ಬಿಚ್ಚಿದರೆ ಹೊಗೆ ಏಳುತ್ತದೆ. ಹೊಗೆ ಕೂಡಿಕೊಂಡು ಜಿನ್ ಎಂಬ ಭೂತ ಆಗುತ್ತದೆ. ಬಿಡಿಸಿದವನಿಗೆ ಜಿನ್ ಹೇಳುವ ಮೊದಲ ಸುದ್ದಿ ಏನು ಗೊತ್ತೇ? ನಿನ್ನನ್ನು ಕೊಲ್ಲುತ್ತೇನೆ, ಹೇಗೆ ಸಾಯಬೇಕು ಅನ್ನುವುದನ್ನು ಮಾತ್ರ ನೀನೇ ಆರಿಸಿಕೋ ಅಂತ.

ಇದು ‘ಸಾವಿರದ ಒಂದು ರಾತ್ರಿಗಳು’ ಸಂಗ್ರಹದ ಕಥೆ. ನಾನು ಮೊದಲ ಸಲ ಇದನ್ನು ಬಿಡಿಸಿ ಬರೆದುಕೊಳ್ಳಲು ಕೂತಾಗ ಜಿನ್ ಹೆಸರಿನ ಮುಂದೆ ‘ಖಳ’ ಅಂತ ಬರೆದೆ. ನಾಲ್ಕು ಪುಟ ಮುಂದೆ ಹೋದ ಮೇಲೆ ಅದನ್ನು ಹೊಡೆದುಹಾಕಬೇಕಾಯಿತು. ಆ ತಿದ್ದುಪಡಿಯಿಂದಲೇ ನನಗೆ ಈ ಕಥೆಗಳನ್ನು ಓದುವ ದಾರಿ ಸಿಕ್ಕಿತು. ಆ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಪೆನ್ ಬೇಡ, ಅಳಿಸುವುದು ಜಾಸ್ತಿ ಇರುತ್ತದೆ.

ಹೆಜ್ಜೆ 1: ಕಥೆ ಯಾರ ಬಾಯಿಂದ ಬಂತು ಅಂತ ನೋಡಿ

ಅರಬ್ ಕಥೆ ಅಂದ ಕೂಡಲೇ ನಮಗೆ ನೆನಪಾಗುವುದು ಅಲ್ಲಾದೀನ್ ಮತ್ತು ಆಲಿಬಾಬಾ. ಆದರೆ ಕಲಿಯಲು ಇವೆರಡರಿಂದ ಶುರು ಮಾಡಬೇಡಿ. ‘ರಾತ್ರಿಗಳು’ ಸಂಗ್ರಹದ ಹಳೆಯ ಅರಬ್ಬಿ ಹಸ್ತಪ್ರತಿಯಲ್ಲಿ ಇವು ಇಲ್ಲವೇ ಇಲ್ಲ. ಸಿರಿಯಾದ ಅಲೆಪ್ಪೊ ಊರಿನ ಹನ್ನಾ ದಿಯಾಬ್ ಎಂಬ ಯುವಕ 1709ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಅನುವಾದಕ ಅಂತ್ವಾನ್ ಗಲಾಂ ಅವರಿಗೆ ಹೇಳಿದ ಕಥೆಗಳಿವು. ಗಲಾಂ 1704ರಿಂದ 1717ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ ತಮ್ಮ ಫ್ರೆಂಚ್ ‘ರಾತ್ರಿಗಳು’ ಒಳಗೆ ಇವನ್ನು ತಮ್ಮದೇ ರೀತಿಯಲ್ಲಿ ಬರೆದು ಸೇರಿಸಿದರು. ಕಥೆ ಚೆನ್ನಾಗಿದೆ, ಆದರೆ ಯಾವ ಎಳೆ ಅಲೆಪ್ಪೊದ್ದು, ಯಾವುದು ಪ್ಯಾರಿಸ್‌ದು ಅಂತ ಬೇರೆ ಮಾಡುವುದು ಹೊಸಬರಿಗೆ ಕಷ್ಟ. ಮೀನುಗಾರನ ಕಥೆ ಹಾಗಲ್ಲ. ಮುಹ್ಸಿನ್ ಮಹ್ದಿ 1984ರಲ್ಲಿ ಸಂಪಾದಿಸಿದ ಹಳೆಯ ಸಿರಿಯಾ ಹಸ್ತಪ್ರತಿಯಲ್ಲೇ ಅದು ಇದೆ. ಅದಕ್ಕೇ ನಾನು ಅದನ್ನು ಆರಿಸಿಕೊಂಡೆ.

ಪುಸ್ತಕದ ಕಥೆ ಒಂದು ಕಡೆಯಾದರೆ ಮನೆಯ ಕಥೆ ಇನ್ನೊಂದು ಕಡೆ. ಪ್ಯಾಲೆಸ್ಟೀನ್‌ನಲ್ಲಿ ಇದಕ್ಕೆ ಹಿಕಾಯೆ ಅನ್ನುತ್ತಾರೆ. ಚಳಿಗಾಲದ ಸಂಜೆ, ಮನೆಯೊಳಗೆ, ವಯಸ್ಸಾದ ಹೆಂಗಸರು ಮಕ್ಕಳಿಗೂ ಬೇರೆ ಹೆಂಗಸರಿಗೂ ಹೇಳುವ ಕಥೆ. ಯುನೆಸ್ಕೊ 2005ರಲ್ಲಿ ಇದನ್ನು ಗುರುತಿಸಿತು, 2008ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗಂಡಸರ ಕೂಟದಲ್ಲಿ ನಡೆಯುವುದು ಬೇರೆ. ಈಜಿಪ್ಟ್‌ನಲ್ಲಿ ಕವಿಗಳು ರಬಾಬ್ ಎಂಬ ತಂತಿವಾದ್ಯ ನುಡಿಸುತ್ತಾ ಬನೀ ಹಿಲಾಲ್ ಕುಲದ ವೀರಗಾಥೆ ಹಾಡುತ್ತಾರೆ. ಅಲ್ಲಿ ಯುದ್ಧ, ವಲಸೆ, ಕುಲದ ಮರ್ಯಾದೆ. ಅಜ್ಜಿಯ ಹಿಕಾಯೆಯಲ್ಲಿ ಸವತಿ, ಬಂಜೆತನದ ನೋವು, ಅಣ್ಣಂದಿರನ್ನು ಹುಡುಕಿಕೊಂಡು ಹೋಗುವ ತಂಗಿ. ಹೇಳುವವಳು ಹೆಣ್ಣಾದರೆ ಕಥೆಯಲ್ಲಿ ದಾರಿ ನಡೆಯುವವಳೂ ಎಷ್ಟೋ ಸಲ ಹೆಣ್ಣೇ. ಹಾಳೆಯ ತುದಿಯಲ್ಲಿ ಬರೆದುಕೊಳ್ಳಿ: ಹೇಳಿದವರು ಯಾರು, ಕೇಳಿದವರು ಯಾರು.

ಹೆಜ್ಜೆ 2: ಬಾಗಿಲನ್ನು ಬೇರೆ ಮಾಡಿ

ನಮ್ಮಲ್ಲಿ ‘ಒಂದಾನೊಂದು ಊರಲ್ಲಿ’ ಇದ್ದ ಹಾಗೆ ಅರಬ್ ಕಥೆಗೆ ‘ಕಾನ್ ಯಾ ಮಾ ಕಾನ್’ ಇದೆ. ‘ಇತ್ತು, ಇರಲಿಲ್ಲ’ ಅಂತಲೂ ಅದನ್ನು ಅರ್ಥ ಮಾಡುತ್ತಾರೆ. ಪ್ಯಾಲೆಸ್ಟೀನ್‌ನ ಅಜ್ಜಿ ಮೊದಲು ‘ದೇವರೊಬ್ಬನೇ ಅನ್ನಿ’ ಎನ್ನುತ್ತಾಳೆ. ಕೇಳುವವರು ‘ಅಲ್ಲಾಹನ ಹೊರತು ಬೇರೆ ದೇವರಿಲ್ಲ’ ಎನ್ನುತ್ತಾರೆ. ನಮ್ಮ ಅಜ್ಜಿಯರು ‘ಹ್ಞೂ ಅನ್ನು, ಇಲ್ಲಾಂದ್ರೆ ಹೇಳಲ್ಲ’ ಅನ್ನುತ್ತಿದ್ದರಲ್ವಾ, ಕೇಳುವವರನ್ನು ಕಥೆಗೆ ಕಟ್ಟಿಹಾಕುವುದು ಇಲ್ಲೂ ಇದೆ, ಜೊತೆಗೆ ಒಂದು ರಕ್ಷೆಯೂ ಇದೆ. ಇನ್ನು ಮುಂದೆ ಜಿನ್ ಬರುತ್ತದೆ, ಘೂಲೆ ಎಂಬ ರಾಕ್ಷಸಿ ಬರುತ್ತಾಳೆ. ದೇವರ ಹೆಸರು ಹೇಳಿಯೇ ಆ ಕತ್ತಲೆಗೆ ಕಾಲಿಡುವುದು.

ಮುಗಿಸುವಾಗಲೂ ಹಾಗೆಯೇ. ‘ತಾರ್ ಇತ್ತೈರ್, ತಿಸ್ಬಹು ಬಿಲ್ ಖೇರ್’, ಹಕ್ಕಿ ಹಾರಿತು, ನಿಮಗೆಲ್ಲ ಶುಭರಾತ್ರಿ. ಈಜಿಪ್ಟ್‌ನಲ್ಲಿ ‘ತೂತಾ ತೂತಾ, ಖಿಲ್ಸಿತ್ ಇಲ್ ಹದ್ದೂತಾ’ ಅನ್ನುತ್ತಾರೆ. ತೂತಾ ಅಂದರೆ ಹಿಪ್ಪುನೇರಳೆ. ಪ್ರಾಸಕ್ಕೆ ಬಂದ ಹಣ್ಣು ಅದು, ಅದರಲ್ಲಿ ಗೂಢಾರ್ಥ ಹುಡುಕಬೇಡಿ. ಈ ಎರಡು ತುದಿಗಳನ್ನು ಹಾಳೆಯಲ್ಲಿ ಬೇರೆಯಾಗಿ ಬರೆದಿಡಿ. ನಡುವೆ ಉಳಿದದ್ದು ಕಥೆ.

ಹೆಜ್ಜೆ 3: ಕಥೆಯನ್ನು ಕ್ರಿಯಾಪದಗಳಲ್ಲಿ ಬರೆಯಿರಿ

ಬೀಸಿದ. ಎಳೆದ. ಬಿಚ್ಚಿದ. ಬೆದರಿಸಿದ. ಬೇಡಿದ. ಮೋಸ ಮಾಡಿದ. ಮುಚ್ಚಿದ. ಹೀಗೆ. ಹೆಸರು, ಬಣ್ಣನೆ ಏನೂ ಬೇಡ. ರಷ್ಯದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ತೋರಿಸಿದ್ದು ಇದನ್ನೇ. ನೂರು ರಷ್ಯನ್ ಮಾಯಾಕಥೆಗಳನ್ನು ಹರಡಿಕೊಂಡು, ಪಾತ್ರಗಳು ಎಷ್ಟೇ ಬದಲಾದರೂ ಅವು ಮಾಡುವ ಕೆಲಸಗಳು 31 ಮಾತ್ರ, ಆ ಕೆಲಸಗಳನ್ನು ಹಂಚಿಕೊಳ್ಳುವ ಪಾತ್ರಸ್ಥಾನಗಳು ಏಳು ಮಾತ್ರ ಅಂದರು. ನಾಯಕ, ಖಳ, ದಾನಿ, ಸಹಾಯಕ, ರಾಜಕುಮಾರಿ ಮತ್ತು ಅವಳ ತಂದೆ, ದಾರಿಗೆ ಕಳಿಸುವವನು, ಹುಸಿನಾಯಕ. ದಾನಿ ಅಂದರೆ ಹಣ ಕೊಡುವವನಲ್ಲ. ನಾಯಕನನ್ನು ಪರೀಕ್ಷೆ ಮಾಡಿ, ಗೆದ್ದರೆ ಮುಂದಿನ ದಾರಿಗೆ ಬೇಕಾದ್ದನ್ನು ಕೊಡುವವರು.

ಈ ಅಳತೆಗೋಲು ಅರಬ್ ಕಥೆಗಳಿಗೆ ಪೂರ್ತಿ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. 31 ಕೆಲಸಗಳ ಪಟ್ಟಿ ಇಟ್ಟುಕೊಂಡು ಒಂದೊಂದಕ್ಕೂ ಟಿಕ್ ಹಾಕಲು ಹೋದರೆ ಕಥೆ ಸತ್ತುಹೋಗುತ್ತದೆ. ಏಳು ಪಾತ್ರಸ್ಥಾನಗಳು ಮಾತ್ರ ತುಂಬಾ ಉಪಯೋಗಕ್ಕೆ ಬರುತ್ತವೆ. ಅವೂ ಎಲ್ಲಿ ಹೊಂದುವುದಿಲ್ಲವೋ ಅಲ್ಲೇ ಹೆಚ್ಚು ಕಲಿಸುತ್ತವೆ.

ಕ್ರಿಯಾಪದ ಬರೆಯುವಾಗ ಪುನರಾವರ್ತನೆ ಕಂಡರೆ ಪಕ್ಕದಲ್ಲಿ ಗೆರೆ ಎಳೆಯಿರಿ. ಬಲೆ ನಾಲ್ಕು ಸಲ ಬಿತ್ತು: ಮೂರು ಸೋಲು, ನಾಲ್ಕನೆಯದು ತಿರುವು. ಕಥೆಯಲ್ಲಿ ಮುಂದೆ ನಾಲ್ಕು ಬಣ್ಣದ ಮೀನುಗಳು ಬರುತ್ತವೆ. ಅವನ್ನು ಹುರಿಯಲು ಇಟ್ಟಾಗ ರಾಜನ ಅಡುಗೆಮನೆಯ ಗೋಡೆ ಸೀಳುತ್ತದೆ. ಒಳಗಿಂದ ಒಬ್ಬ ಚೆಲುವೆ ಬಂದು, ಮಾತಿಗೆ ಬದ್ಧವಾಗಿದ್ದೀರಾ ಅಂತ ಮೀನುಗಳನ್ನೇ ಕೇಳಿ, ಬಾಣಲೆ ಮಗುಚಿ ಹೋಗುತ್ತಾಳೆ. ಇದು ಮೂರು ಸಲ ನಡೆಯುತ್ತದೆ. ಮೊದಲ ಸಲ ನೋಡುವವಳು ಅಡುಗೆಯವಳು. ಎರಡನೇ ಸಲ ವಜೀರ. ಮೂರನೇ ಸಲ ರಾಜ, ಆಗ ಗೋಡೆಯಿಂದ ಬರುವುದು ಚೆಲುವೆಯಲ್ಲ, ಭಾರೀ ಮೈಕಟ್ಟಿನ ಕಪ್ಪು ಆಳು. ಸುಮ್ನೆ ಮೂರು ಸಲ ಹೇಳಿದ್ದಲ್ಲ ಇದು. ಸುದ್ದಿ ಅಡುಗೆಮನೆಯಿಂದ ಸಿಂಹಾಸನದವರೆಗೆ ಮೆಟ್ಟಿಲು ಹತ್ತಿತು. ರಾಜ ಅರಮನೆ ಬಿಟ್ಟು ಹೊರಡಬೇಕಾದರೆ ಅವನ ಕಣ್ಣಿಗೇ ಬೀಳಬೇಕಿತ್ತು. ಪುನರಾವರ್ತನೆಯಲ್ಲಿ ಏನು ಬದಲಾಯಿತು ಅನ್ನುವುದನ್ನು ಮಾತ್ರ ಬರೆದುಕೊಳ್ಳಿ.

ಹೆಜ್ಜೆ 4: ಒಬ್ಬೊಬ್ಬರ ಮುಂದೆ ಎರಡೆರಡು ಖಾನೆ ಬಿಡಿ

ಈಗ ಪಾತ್ರಗಳಿಗೆ ಬನ್ನಿ. ಎಡಕ್ಕೆ ಹೆಸರು ಬರೆಯಿರಿ. ಬಲಕ್ಕೆ ಕನಿಷ್ಠ ಎರಡು ಖಾನೆ. ಯಾಕೆಂದರೆ ಅರಬ್ ಕಥೆಯಲ್ಲಿ ಒಂದೇ ಜೀವ ಎರಡು ಕೆಲಸ ಮಾಡುವುದು ತುಂಬಾ ಸಾಮಾನ್ಯ.

ಜಿನ್ ಕೊಲ್ಲಲು ಬಂದಾಗ ಮೀನುಗಾರ, ಇಷ್ಟು ದೊಡ್ಡ ನೀನು ಈ ಪುಟ್ಟ ಹೂಜಿಯಲ್ಲಿ ಇದ್ದೆ ಅಂದರೆ ನಾನು ನಂಬಲ್ಲ ಎನ್ನುತ್ತಾನೆ. ತೋರಿಸುತ್ತೇನೆ ಅಂತ ಜಿನ್ ಒಳಗೆ ಹೋಗುತ್ತದೆ. ಮುಚ್ಚಳ ಬೀಳುತ್ತದೆ. ಈಗ ಬೇಡುವವನು ಜಿನ್. ಕೊನೆಗೆ ಆಣೆ ಮಾಡಿಸಿಕೊಂಡು ಬಿಟ್ಟ ಮೇಲೆ ಅದೇ ಜಿನ್ ಮೀನುಗಾರನನ್ನು ಬೆಟ್ಟಗಳ ನಡುವಿನ ಕೊಳಕ್ಕೆ ಕರೆದುಕೊಂಡು ಹೋಗುತ್ತದೆ. ಬಿಳಿ, ಕೆಂಪು, ನೀಲಿ, ಹಳದಿ ಮೀನು ತೋರಿಸಿ, ರಾಜನಿಗೆ ಮಾರು ಎನ್ನುತ್ತದೆ. ಖಳ, ಸೆರೆಯಾಳು, ದಾನಿ, ಮೂರೂ ಒಂದೇ ಜಿನ್. ಅದರ ಗುಣ ಬದಲಾಗಲಿಲ್ಲ. ಬದಲಾದದ್ದು ಇಬ್ಬರ ನಡುವಿನ ಒಪ್ಪಂದ. ಮೊದಲು ಒಪ್ಪಂದವೇ ಇರಲಿಲ್ಲ, ಈಗ ಆಣೆ ಇದೆ.

ಹಿಕಾಯೆಯ ಘೂಲೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಘೂಲೆ ಅಂದರೆ ಮನುಷ್ಯರನ್ನು ತಿನ್ನುವ ರಾಕ್ಷಸಿ. ದಾರಿಯಲ್ಲಿ ಕೂತು ಬೀಸುಕಲ್ಲಿನಲ್ಲಿ ಬೀಸುತ್ತಿರುತ್ತಾಳೆ, ಉದ್ದನೆಯ ಮೊಲೆಗಳನ್ನು ಹೆಗಲ ಮೇಲಿಂದ ಬೆನ್ನಿಗೆ ಹಾಕಿಕೊಂಡಿರುತ್ತಾಳೆ. ಹುಡುಗ ಮೊದಲು ಸಲಾಂ ಹೇಳುತ್ತಾನೆ. ಆಗ ಅವಳು ಹೇಳುವ ಮಾತು ಹಲವು ಕಥೆಗಳಲ್ಲಿ ಬರುತ್ತದೆ: ‘ನಿನ್ನ ಸಲಾಂ ನಿನ್ನ ಮಾತಿಗಿಂತ ಮುಂಚೆ ಬರದಿದ್ದರೆ, ನಿನ್ನ ಎಲುಬಿಗಿಂತ ಮುಂಚೆ ನಿನ್ನ ಮಾಂಸ ತಿಂದುಬಿಡುತ್ತಿದ್ದೆ.’ ಕೆಲವು ಕಥೆಗಳಲ್ಲಿ ಹುಡುಗ ಹಿಂದಿನಿಂದ ಹೋಗಿ ಅವಳ ಹಾಲು ಕುಡಿದುಬಿಡುತ್ತಾನೆ. ಆಮೇಲೆ ಅವಳು ಅವನನ್ನು ಮುಟ್ಟುವುದಿಲ್ಲ. ಅವನೀಗ ಅವಳ ಮಗ. ತನ್ನ ಸ್ವಂತ ಮಕ್ಕಳು ಬಂದು ಮನುಷ್ಯರ ವಾಸನೆ ಹಿಡಿದರೂ ಅವನನ್ನು ಬಚ್ಚಿಟ್ಟು ಕಾಪಾಡುತ್ತಾಳೆ, ಮುಂದಿನ ದಾರಿ ಹೇಳುತ್ತಾಳೆ.

ಸಲಾಂ ಹೇಳದೆ ನುಗ್ಗಿದವನಿಗೆ ಅದೇ ಘೂಲೆ ಸಾವು. ಆದ್ದರಿಂದ ‘ಘೂಲೆ ಅಂದರೆ ಖಳ’ ಅಂತ ಬರೆದರೆ ತಪ್ಪಾಗುತ್ತದೆ. ‘ಘೂಲೆ ಯಾರಿಗೆ ಏನು?’ ಅಂತ ಬರೆಯಿರಿ. ಈ ಒಂದು ಪ್ರಶ್ನೆ ಕಲಿತರೆ ಸಾಕು, ಈ ಕಥೆಗಳು ತೆರೆದುಕೊಳ್ಳುತ್ತವೆ ಅಂತ ನನಗೆ ಅನ್ನಿಸುತ್ತದೆ.

ಕೆಲವು ಹೆಸರುಗಳು ಮಾತ್ರ ಪಾತ್ರಸ್ಥಾನವನ್ನೇ ಹೊತ್ತು ಬರುತ್ತವೆ. ಶಾತಿರ್ ಹಸನ್ ಅಂದ ಕೂಡಲೇ ಕೇಳುವವರಿಗೆ ಗೊತ್ತು, ಇವನೇ ನಾಯಕ ಅಂತ. ಹಿಂದಿಯಿಂದ ಬಂದ ‘ಶಾತಿರ್’ ಕೇಳಿ ನಮಗೆ ಕುತಂತ್ರಿ ಅನ್ನಿಸಬಹುದು. ಇಲ್ಲಿ ಅದರ ಅರ್ಥ ಚುರುಕು, ಜಾಣ ಅಂತ. ಅವನಿಗೆ ಜೋಡಿಯಾಗುವ ಸಿತ್ತ್ ಇಲ್ ಹುಸ್ನ್ ಅಂದರೆ ಚೆಲುವಿನ ಒಡತಿ. ಇಂಥ ಹೆಸರಿಗೆ ಒಂದೇ ಖಾನೆ ಸಾಕು.

ಹೆಜ್ಜೆ 5: ನಂಟಿನ ಪದಗಳ ಕೆಳಗೆ ಗೆರೆ ಹಾಕಿ

ಕನ್ನಡದ ಓದುಗರು ಎಡವುವುದು ಜಾಸ್ತಿ ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು ಹಾಲಿನ ನಂಟು. ಇಸ್ಲಾಮಿನ ಕಟ್ಟಳೆಯಲ್ಲಿ ಎಳೆಗೂಸಾಗಿದ್ದಾಗ ಒಬ್ಬಳ ಎದೆಹಾಲು ಕುಡಿದ ಮಗು ಅವಳ ಮಗುವಿನ ಸಮಾನ. ಅವಳ ಮಕ್ಕಳು ಅದಕ್ಕೆ ಅಣ್ಣ ತಂಗಿ, ಅವರ ನಡುವೆ ಮದುವೆ ಇಲ್ಲ. ಘೂಲೆಯ ಹಾಲು ಕುಡಿಯುವುದು ಬರೀ ಚಮತ್ಕಾರ ಅಲ್ಲ ಅನ್ನುವುದು ಈಗ ತಿಳಿಯುತ್ತದೆ. ಹುಡುಗ ಬಲ ತೋರಿಸಿ ಗೆಲ್ಲಲಿಲ್ಲ. ನಂಟನಾಗಿ ಗೆದ್ದ. ಎಲ್ಲರೂ ಒಪ್ಪುವ ಕಟ್ಟಳೆಯೊಂದನ್ನು ರಾಕ್ಷಸಿಯೂ ಮೀರಲಾರಳು ಅನ್ನುವ ನಂಬಿಕೆ ಈ ದೃಶ್ಯದ ತಳದಲ್ಲಿದೆ.

ಎರಡನೆಯದು ‘ಬಿಂತ್ ಅಮ್ಮ್’, ಅಂದರೆ ತಂದೆಯ ಅಣ್ಣತಮ್ಮಂದಿರ ಮಗಳು. ನಮ್ಮಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಗಳು ಅಕ್ಕ ಅಥವಾ ತಂಗಿ. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಮದುವೆಯ ಮಾತು ಬರುವುದು ಸೋದರಮಾವ, ಸೋದರತ್ತೆಯ ಮಕ್ಕಳ ಜೊತೆ. ಅರಬ್ ಸಮಾಜದಲ್ಲಿ ಹಳೆಯ ಕಾಲದಿಂದ ಬಯಸಿದ ಸಂಬಂಧ ಬಿಂತ್ ಅಮ್ಮ್. ಎಷ್ಟರಮಟ್ಟಿಗೆ ಅಂದರೆ ಕಥೆಗಳಲ್ಲಿ ಗಂಡ ಹೆಂಡತಿಯನ್ನು ‘ಚಿಕ್ಕಪ್ಪನ ಮಗಳೇ’ ಅಂತಲೇ ಕರೆಯುತ್ತಾನೆ. ಅನುವಾದದಲ್ಲಿ ಇದನ್ನು ‘ತಂಗಿ’ ಮಾಡಿದರೆ ಕಥೆ ಕೆಟ್ಟುಹೋಗುತ್ತದೆ.

ನಮ್ಮ ಮೀನುಗಾರನ ಕಥೆಯಲ್ಲೇ ನೋಡಿ. ರಾಜ ಆ ಕೊಳದ ಆಚೆ ಒಂದು ಅರಮನೆ ಕಾಣುತ್ತಾನೆ. ಒಳಗೆ ಸೊಂಟದಿಂದ ಕೆಳಗೆ ಕಲ್ಲಾಗಿರುವ ಯುವ ದೊರೆ. ಅವನನ್ನು ಕಲ್ಲು ಮಾಡಿದವಳು ಅವನ ಹೆಂಡತಿ. ಊರಿನ ಜನರನ್ನೂ ಮೀನು ಮಾಡಿದ್ದಾಳೆ: ಮುಸ್ಲಿಮರು ಬಿಳಿ, ಅಗ್ನಿಪೂಜಕರು ಕೆಂಪು, ಕ್ರೈಸ್ತರು ನೀಲಿ, ಯಹೂದಿಗಳು ಹಳದಿ. ಈ ಹೆಂಡತಿ ಅವನ ಬಿಂತ್ ಅಮ್ಮ್. ಹೊರಗಿನವಳಲ್ಲ, ಎಲ್ಲರಿಗಿಂತ ಹೆಚ್ಚು ನಂಬಬೇಕಾದ ರಕ್ತದವಳು. ಖಳಸ್ಥಾನದಲ್ಲಿ ಅವಳನ್ನು ಕೂರಿಸಿದ್ದರಿಂದಲೇ ಪೆಟ್ಟು ಎರಡು ಪಟ್ಟು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಅವಳ ಪ್ರಿಯಕರ ಒಬ್ಬ ಕಪ್ಪು ಗುಲಾಮ, ಕಥೆ ಅವನನ್ನು ತುಂಬಾ ಹೀನವಾಗಿ ಚಿತ್ರಿಸುತ್ತದೆ. ಅದು ಆ ಕಾಲದ ತಿರಸ್ಕಾರ. ಮಕ್ಕಳಿಗೆ ಓದಿ ಹೇಳುವವರು ಅದನ್ನು ನೋಡಿಯೂ ನೋಡದ ಹಾಗೆ ದಾಟಬಾರದು, ನಿಲ್ಲಿಸಿ ಮಾತಾಡಬೇಕು.

ಹೆಜ್ಜೆ 6: ಕಥೆಯೊಳಗಿನ ಕಥೆಗೆ ಬೆಲೆ ಕೇಳಿ

ವಿಕ್ರಮ ಬೇತಾಳ, ಪಂಚತಂತ್ರ ಓದಿದ ನಮಗೆ ಕಥೆಯೊಳಗೆ ಕಥೆ ಹೊಸದಲ್ಲ. ದುರ್ಗಸಿಂಹ 11ನೇ ಶತಮಾನದಲ್ಲಿ ಕನ್ನಡಕ್ಕೆ ತಂದ ಪಂಚತಂತ್ರದ ಪರಂಪರೆಯೇ ಅದಕ್ಕೂ ಮೊದಲು, 8ನೇ ಶತಮಾನದಲ್ಲಿ, ಇಬ್ನ್ ಅಲ್ ಮುಕಫ್ಫಾ ಅವರ ಕೈಯಲ್ಲಿ ಪಹ್ಲವಿಯಿಂದ ಅರಬ್ಬಿಗೆ ಹೋಗಿ ‘ಕಲೀಲಾ ಮತ್ತು ದಿಮ್ನಾ’ ಆಗಿತ್ತು. ಕರಟಕ ದಮನಕರೇ ಕಲೀಲಾ ದಿಮ್ನಾ. ಹಾಗಾಗಿ ಈ ಗೂಡಿನೊಳಗಿನ ಗೂಡು ನಮಗೂ ಅವರಿಗೂ ಪರಿಚಯದ ಮನೆ.

ಹಾಳೆಯ ಮೇಲೆ ಒಂದರೊಳಗೊಂದು ಚೌಕ ಹಾಕಿ. ಹೊರಗಿನದು ‘ರಾತ್ರಿಗಳು’ ಕಥೆಗಳನ್ನೆಲ್ಲ ಹೇಳುವ ಶಹರಾಜಾದಳದು: ಬೆಳಗಾದರೆ ಅವಳನ್ನು ಕೊಲ್ಲಿಸಲಿರುವ ಗಂಡ, ದೊರೆ ಶಹರಿಯಾರ್, ಕಥೆ ಕೇಳುವ ತಂಗಿ ದುನ್ಯಾಜಾದ್. ಅದರೊಳಗೆ ಮೀನುಗಾರ. ಹೂಜಿಯೊಳಗಿನ ಜಿನ್‌ಗೆ ಮೀನುಗಾರ ಹೇಳುವ ಯೂನಾನ್ ರಾಜನ ಕಥೆ ಮೂರನೆಯ ಚೌಕ. ಆ ರಾಜನಿಗೆ ಅವನ ವಜೀರ ಹೇಳುವ ಕಥೆ ನಾಲ್ಕನೆಯದು.

ಈಗ ಪ್ರತಿ ಚೌಕದ ಮೂಲೆಯಲ್ಲಿ ಬರೆಯಿರಿ: ಈ ಕಥೆ ಕೊಟ್ಟು ಹೇಳಿದವರು ಏನು ಕೊಂಡರು? ಶಹರಾಜಾದ್ ಒಂದು ಹಗಲು ಕೊಂಡಳು. ಸಂಗ್ರಹದಲ್ಲಿ ಇದಕ್ಕೆ ಮುಂಚೆ ಬರುವ, ಜಿನ್ ಕೊಲ್ಲಲು ಬಂದ ವ್ಯಾಪಾರಿಯ ಕಥೆಯಲ್ಲಿ ಮೂವರು ಮುದುಕರು ಒಂದೊಂದು ಕಥೆ ಹೇಳಿ ವ್ಯಾಪಾರಿಯ ಪ್ರಾಣದ ಮೂರನೇ ಒಂದೊಂದು ಪಾಲು ಬಿಡಿಸಿಕೊಳ್ಳುತ್ತಾರೆ. ಲೆಕ್ಕ ಚುಕ್ತಾ. ಹಾಗಾಗಿ ಎಲ್ಲ ಒಳಕಥೆಗಳೂ ಪ್ರಾಣ ಉಳಿಸುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ.

ಮೀನುಗಾರನ ಕಥೆ ಆ ಎಣಿಕೆಯನ್ನು ತಲೆಕೆಳಗು ಮಾಡುತ್ತದೆ. ಇಲ್ಲಿ ಕಥೆ ಹೇಳುವವನು ಸಾವಿನ ಬಾಯಲ್ಲಿಲ್ಲ, ಗೆದ್ದವನೇ ಹೇಳುತ್ತಾನೆ, ನಿನ್ನನ್ನು ಯಾಕೆ ಬಿಡುವುದಿಲ್ಲ ಅಂತ ತಿಳಿಸಲು. ಯೂನಾನ್ ರಾಜನ ಕುಷ್ಠವನ್ನು ದೂಬಾನ್ ಎಂಬ ವೈದ್ಯ ಗುಣ ಮಾಡಿದ. ಹೊಟ್ಟೆಕಿಚ್ಚಿನ ವಜೀರ ಚಾಡಿ ಹೇಳಿದ, ರಾಜ ವೈದ್ಯನ ತಲೆ ತೆಗೆಸಿದ. ವೈದ್ಯ ಬಿಟ್ಟುಹೋದ ಪುಸ್ತಕದ ಹಾಳೆಗಳಿಗೆ ವಿಷ ಸವರಿತ್ತು. ಬೆರಳು ನೆಕ್ಕಿ ಹಾಳೆ ತಿರುವಿದ ರಾಜನೂ ಸತ್ತ. ಉಪಕಾರಕ್ಕೆ ಅಪಕಾರ ಮಾಡಿದ ಯೂನಾನ್ ನೀನೇ ಅಂತ ಮೀನುಗಾರ ಜಿನ್‌ಗೆ ಹೇಳುತ್ತಾನೆ.

ಇನ್ನೂ ಒಳಗಿನ ಚೌಕ ನೋಡಿ. ವೈದ್ಯನನ್ನು ಕೊಲ್ಲಿಸಲು ವಜೀರ ಹೇಳುವ ಕಥೆ ಏನು? ಬೇಟೆಗೆ ಹೋದ ರಾಜಕುಮಾರನನ್ನು ಅವನ ಜೊತೆಗಿದ್ದ ವಜೀರನೇ ದಾರಿ ತಪ್ಪಿಸುತ್ತಾನೆ. ಹುಡುಗನಿಗೆ ಅಳುತ್ತಿರುವ ಹೆಣ್ಣೊಬ್ಬಳು ಸಿಗುತ್ತಾಳೆ. ತಾನು ಹಿಂದ್ ದೇಶದ ರಾಜನ ಮಗಳು ಎನ್ನುತ್ತಾಳೆ, ಆಮೇಲೆ ನೋಡಿದರೆ ಘೂಲೆ. ಅಂದರೆ ವಜೀರನ ದ್ರೋಹದ ಕಥೆಯನ್ನು ವಜೀರನೇ ಹೇಳುತ್ತಿದ್ದಾನೆ. ತನ್ನ ಬಾಯಿಂದಲೇ ತನ್ನ ಗುಟ್ಟು ಬಿಚ್ಚಿದ್ದಾನೆ, ರಾಜನಿಗೆ ಮಾತ್ರ ಅದು ಕೇಳಿಸಲಿಲ್ಲ. ಚೌಕ ಹಾಕದೆ ಓಡಿಸಿಕೊಂಡು ಓದಿದರೆ ಇದು ನಮಗೂ ಕೇಳಿಸುವುದಿಲ್ಲ.

ಹೆಜ್ಜೆ 7: ನಾಯಕ ಎಲ್ಲಿ ಬದಲಾದ ಅಂತ ಗುರುತು ಹಾಕಿ

ಕಥೆಯ ಮೊದಲಲ್ಲಿ ಏನು ಕೊರತೆ ಇತ್ತು? ಬಡತನ. ಮೀನುಗಾರನ ಹೆಂಡತಿ ಮಕ್ಕಳಿಗೆ ಊಟ ಬೇಕಿತ್ತು. ಮೀನು ರಾಜನ ಅಡುಗೆಮನೆಗೆ ಹೋದ ಮೇಲೆ ಮೀನುಗಾರ ಹಿಂದೆ ಸರಿಯುತ್ತಾನೆ. ಕಲ್ಲಾದ ದೊರೆಯನ್ನು ಬಿಡಿಸಲು ಹೋಗುವವನು ರಾಜ. ಪ್ರಿಯಕರನನ್ನು ಕೊಂದು, ಅವನ ಜಾಗದಲ್ಲಿ ತಾನೇ ಮಲಗಿ, ಅವನ ದನಿಯಲ್ಲಿ ಮಾತಾಡಿ, ಮಾಟಗಾತಿಯಿಂದಲೇ ಮಾಟ ತೆಗೆಸುತ್ತಾನೆ. ಬೇರೊಬ್ಬನ ವೇಷ ಹಾಕುವುದು ಪ್ರಾಪ್ ಲೆಕ್ಕದಲ್ಲಿ ಖಳನಿಗೋ ಹುಸಿನಾಯಕನಿಗೋ ಹತ್ತಿರದ ಕೆಲಸ. ಇಲ್ಲಿ ಅದನ್ನು ನಾಯಕನೇ ಮಾಡುತ್ತಾನೆ. ಮೀನುಗಾರ ಜಿನ್ ಅನ್ನು ಗೆದ್ದದ್ದೂ ಮಾತಿನ ಬಲೆಯಿಂದಲೇ ಅಲ್ವಾ? ಎರಡು ಅರ್ಧಗಳನ್ನು ಹೊಲಿದ ದಾರ ಅದು.

ಇವು ಎರಡು ಬೇರೆ ಕಥೆಗಳು, ಯಾರೋ ಸೇರಿಸಿದ್ದಾರೆ ಅಂತ ವಾದಿಸಬಹುದು. ಹೊಲಿಗೆ ನನಗೂ ಕಾಣುತ್ತದೆ. ಆದರೆ ಕೊನೆ ನೋಡಿ: ರಾಜ ಮೀನುಗಾರನನ್ನು ಕರೆಸುತ್ತಾನೆ, ಅವನ ಒಬ್ಬ ಮಗಳನ್ನು ತಾನು ಮದುವೆಯಾಗಿ ಇನ್ನೊಬ್ಬಳನ್ನು ಯುವ ದೊರೆಗೆ ಕೊಡಿಸುತ್ತಾನೆ, ಮಗನಿಗೆ ಖಜಾನೆಯ ಕೆಲಸ. ಮೊದಲ ಪುಟದ ಹಸಿವಿಗೆ ಉತ್ತರ ಸಿಕ್ಕಿದ್ದು ಇಲ್ಲಿ, ಬೇರೊಬ್ಬನ ಸಾಹಸದ ತುದಿಯಲ್ಲಿ. ನಿಮ್ಮ ಹಾಳೆಯಲ್ಲಿ ‘ಬಡತನ’ ಅನ್ನುವ ಪದದಿಂದ ಈ ಸಾಲಿಗೆ ಒಂದು ಬಾಣ ಎಳೆಯಿರಿ. ಬಾಣ ಉದ್ದವಾದಷ್ಟೂ ಹೇಳಿದವರ ಕೈಚಳಕ ದೊಡ್ಡದು.

ಯಾವುದಕ್ಕೆ ಈ ದಾರಿ ಬೇಡ

ಅರಬ್ ನಗೆಗಥೆಗಳ ನಾಯಕ ಜುಹಾನ ಕಥೆಗಳಿಗೆ ಇಷ್ಟೆಲ್ಲ ಬೇಕಿಲ್ಲ. ಜುಹಾ ಮನೆ ಮಾರುತ್ತಾನೆ, ಗೋಡೆಯ ಒಂದು ಮೊಳೆ ಮಾತ್ರ ನನ್ನದು ಅಂತ ಕರಾರು ಮಾಡಿಕೊಳ್ಳುತ್ತಾನೆ. ಆಮೇಲೆ ಮೊಳೆ ನೋಡುವ ನೆಪದಲ್ಲಿ ದಿನಾ ಬರುತ್ತಾನೆ. ಅಷ್ಟೇ ಕಥೆ. ಇಂದಿಗೂ ಸುಳ್ಳು ನೆಪ ಇಟ್ಟುಕೊಂಡು ಕಾಲೂರುವವರಿಗೆ ಅರಬ್ಬಿಯಲ್ಲಿ ‘ಜುಹಾನ ಮೊಳೆ’ ಅನ್ನುತ್ತಾರೆ. ಇಲ್ಲಿ ದಾನಿಯೂ ಇಲ್ಲ, ದಾರಿಯೂ ಇಲ್ಲ, ಒಂದೇ ತಿರುವು.

ಕೈ ಪಳಗಿಸಲು ನುಸ್ ನ್ಸೈಸ್ ಕಥೆ ಹುಡುಕಿ, ಹೆಸರಿನ ಅರ್ಥ ‘ಅರ್ಧದ ಅರ್ಧ’. ಮಕ್ಕಳಿಲ್ಲದ ಹೆಂಡತಿಗೆ ತಂದ ದಾಳಿಂಬೆಯಲ್ಲಿ ಗಂಡ ದಾರಿಯಲ್ಲೇ ಅರ್ಧ ತಿಂದುಬಿಡುತ್ತಾನೆ, ಅವಳಿಗೆ ಅರ್ಧ ಆಳಿನಷ್ಟು ಮಗ ಹುಟ್ಟುತ್ತಾನೆ. ಸವತಿಗೆ ಹುಟ್ಟಿದ ಪೂರ್ತಿ ಮೈಯ ಅಣ್ಣಂದಿರು ಅವನನ್ನು ಹೀಯಾಳಿಸುತ್ತಾರೆ. ಘೂಲೆಯ ಎದುರು ನಿಲ್ಲುವವನು ಈ ಅರ್ಧ ಹುಡುಗ. ಹಾಳೆಯಲ್ಲಿ ಅಪ್ಪನ ಹೆಸರಿನ ಮುಂದೆ ಎರಡು ಖಾನೆ ಬಿಟ್ಟು ಶುರು ಮಾಡಿ. ಮೊದಲ ಖಾನೆಗೆ ಏನು ಬರೆಯಬೇಕು ಅಂತ ಯೋಚಿಸುವುದರಲ್ಲೇ ಒಂದು ಸಂಜೆ ಕಳೆಯುತ್ತದೆ.